ನೀರಿನ ಚಾರ್ಟು

ಇನ್ನೂರ ನಲವತ್ತು ಲೀಟರು. ಟ್ಯಾಂಕಿಯ ಬಾಯಿಗೆ
ಗೀಟು ಹಾಕಿದ ಮರದ ಕೋಲು ಇಳಿಸಿ
ದಿನಾ ಬೆಳಿಗ್ಗೆ ನೋಡುತ್ತೇನೆ, ಜ್ವರ ನೋಡಿದ ಹಾಗೆ.
ಖಸಬಿನ ಜೆಟ್ಟಿಯಲ್ಲಿ ನಲ್ಲಿ ಉಂಟು,
ದೋಣಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ.
ಆದರೂ ಇಪ್ಪತ್ತು ದಿನ ಮುಟ್ಟುವ ಹಾಗಿಲ್ಲ,
ಇದು ರಿಹರ್ಸಲ್ ಎಂದಿದ್ದೇನೆ ಪಾಸ್ಕಲನಿಗೆ.
ಅಕ್ಟೋಬರಿನಲ್ಲಿ ಆ ಕಡೆಯ ಮಳೆ ಇಳಿದ ಮೇಲೆ
ಮಲ್ಪೆಯವರೆಗೆ ಸಾವಿರ ಮೈಲಿಯ ಮೇಲೆ; ನಡುವೆ ನಲ್ಲಿ ಇಲ್ಲ.

ಉಪ್ಪುನೀರು ಸಿಹಿ ಮಾಡುವ ಮೆಷಿನ್ ಉಂಟಲ್ಲ, ಎನ್ನುತ್ತಾನೆ.
ಉಂಟು. ಅದರ ಹೊಟ್ಟೆಯೊಳಗಿನ ಪೊರೆ ನನಗೆ ಹೊಸದಲ್ಲ.
ಇಪ್ಪತ್ತಾರು ವರ್ಷ ಮುಹರಕ್ಕಿನ ಡಯಾಲಿಸಿಸ್ ವಾರ್ಡಿನಲ್ಲಿ
ಅದರ ದೊಡ್ಡಣ್ಣನನ್ನು ಸಾಕಿದವಳು ನಾನು.
ಎಣ್ಣೆ ಬೆರಳ ತುದಿಯಷ್ಟು ತಾಗಿದರೆ ಸಾಕು
ಮುನಿಸಿಕೊಂಡು ಕೂತುಬಿಡುತ್ತದೆ. ಇಲ್ಲಿಯ ನೀರಿಗೋ
ಬೆಳಗಾದರೆ ನವಿಲಿನ ಕುತ್ತಿಗೆಯ ಬಣ್ಣ.

ಹಾಗಾಗಿ ಪಾತ್ರೆ ತೊಳೆಯಲು ಸಮುದ್ರ,
ಕೊನೆಗೆ ಸ್ಪ್ರೇ ಬಾಟ್ಲಿಯ ನಾಲ್ಕು ಪುಸುಪುಸು.
ಅನ್ನಕ್ಕೆ ಮೂರರಲ್ಲೊಂದು ಪಾಲು ಉಪ್ಪುನೀರು.
ಹಲ್ಲಿಗೆ ಅರ್ಧ ಲೋಟ. ತಲೆಗೆ ಭಾನುವಾರ ಮಾತ್ರ.
ಡೀಸೆಲ್ ತರುತ್ತೇನೆಂದು ದಡಕ್ಕೆ ಹೋದ ಪಾಸ್ಕಲ್
ಸಂಜೆ ಬಂದ, ಡೀಸೆಲ್ ಇಲ್ಲದೆ,
ತಲೆಯಿಂದ ಆಪಲ್ ಶಾಂಪೂ ಪರಿಮಳ.
ಕಟಿಂಗ್ ಮಾಡಿಸಿದೆ, ಅವರೇ ತೊಳೆದರು, ಎಂದ.
ನಾನು ಏನೂ ಅನ್ನಲಿಲ್ಲ. ಚಾರ್ಟಿನಲ್ಲಿ ಬರೆದೆ:
ಕಳ್ಳತನ, ಅಂದಾಜು ಆರು ಲೀಟರು.

ಚಾರ್ಟಿಗೆ ಎರಡೇ ಕಾಲಂ. ಒಳಗೆ ಹೋದದ್ದು, ಹೊರಗೆ ಬಂದದ್ದು.
ಖಮೀಸಜ್ಜನದ್ದೂ ಹಾಗೆಯೇ, ದಿನಕ್ಕೆ ಅರ್ಧ ಲೀಟರು,
ಸಾರು, ಚಹಾ, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ.
ಮುತ್ತಿಗೆ ಮುಳುಗುತ್ತಿದ್ದವರ ಮನೆತನ.
ಕಡಲ ತಳದಲ್ಲಿ ಸಿಹಿನೀರಿನ ಬುಗ್ಗೆ ಇತ್ತಂತೆ,
ಅವನಪ್ಪ ಚರ್ಮದ ಚೀಲ ಹಿಡಿದು ಇಳಿದು
ಉಪ್ಪಿನ ಅಡಿಯಿಂದ
ಕುಡಿಯುವ ನೀರು ತುಂಬಿ ತರುತ್ತಿದ್ದನಂತೆ.
ಹೇಳುವಾಗ ತುಟಿ ಸವರಿಕೊಳ್ಳುತ್ತಿದ್ದ.
ಸಿಸ್ಟರ್, ಒಂದು ಲೋಟ. ತುಂಬ.
ಐಸಿನ ಚೂರು ಕೊಟ್ಟೆ. ಮೂವತ್ತು ಮಿಲಿ, ಬರೆದೆ.
ಅದು ಗುರುವಾರ. ಶನಿವಾರ ಪಾಳಿಗೆ ಹೋದರೆ
ಹಾಸಿಗೆಗೆ ಹೊಸ ಚಾದರ.
ಲೆಕ್ಕ ಸರಿ ಇತ್ತು. ಈಗಲೂ ಹೇಳುತ್ತೇನೆ, ಲೆಕ್ಕ ಸರಿಯೇ ಇತ್ತು.

ಇಲ್ಲಿ ಆಗಸ್ಟಿನ ರಾತ್ರಿ ಗಾಳಿಯೇ ಬೆವರುತ್ತದೆ.
ನಿನ್ನೆ ಮೂರು ಗಂಟೆಗೆ ಎದ್ದರೆ ಹಾಯಿಯ ಹೊದಿಕೆ ತೊಟ್ಟಿಕ್ಕುತ್ತಿತ್ತು.
ಒಗೆದ ಬೈರಾಸಿನಲ್ಲಿ ಒರೆಸಿ ಹಿಂಡಿದೆ,
ಮತ್ತೆ ಒರೆಸಿ ಹಿಂಡಿದೆ, ಮೊಣಕಾಲೂರಿ ಡೆಕ್ಕಿನುದ್ದಕ್ಕೂ.
ಒಂದು ಲೋಟ ಆಯಿತು. ತುಂಬ.
ಧೂಳಿನ ರುಚಿ, ಸ್ವಲ್ಪ ಕ್ಯಾನ್ವಾಸಿನದು,
ಉಪ್ಪು ಉಂಟೋ ಇಲ್ಲವೋ ಎನ್ನುವಷ್ಟು.
ಪೆನ್ಸಿಲು ಹಿಡಿದು ಕೂತೆ.
ಟ್ಯಾಂಕಿಯದ್ದಲ್ಲ, ಮೆಷಿನ್ನಿನದ್ದಲ್ಲ, ದಡದ್ದೂ ಅಲ್ಲ.
ಗೀಟಿನ ಕೋಲಿಗೆ ಇದು ಗೊತ್ತೇ ಇಲ್ಲ.

ಪಾಸ್ಕಲ್ ನಿದ್ದೆಗಣ್ಣಲ್ಲಿ ತಲೆ ಹೊರಗೆ ಹಾಕಿದ: ಏನು ಮಾಡ್ತಾ ಇದ್ದಿ?
ಇನ್ನೂ ಎಲ್ಲೂ ಬರೆದಿಲ್ಲ, ಎಂದೆ,
ಕುಡೀತೀಯಾ?