ಸೊನ್ನೆ ಬಿಂದು ಒಂದು

ಒಂದು ಬೆರಳು ಊದಿದರೆ ಸೊನ್ನೆ ಬಿಂದು ಒಂದು.
ಮಣಿಕಟ್ಟು ತುಸು ದಪ್ಪವಾದರೆ ಅರ್ಧ.
ಕೆಂಪಾಗಿ, ಬಿಗಿದು, ಮಡಚಲಾರದೆ ಹೋದರೆ
ಒಂದು.
ಕನಜಾವಾದ ಈ ಮೂರನೇ ಮಹಡಿಯಲ್ಲಿ
ಹನ್ನೊಂದು ವರ್ಷದಿಂದ ಕಿನುಯೊ
ನೋವಿಗೆ ಅಂಕ ಹಾಕುತ್ತಾಳೆ,
ಜೋಡಿ ಕೈಗವಸು ತೊಟ್ಟು, ಬಾಲದ ಬುಡ ಹಿಡಿದೆತ್ತಿ,
ಪೆನ್ಸಿಲ್ಲನ್ನು ಟೋಪಿಯ ಅಂಚಿಗೆ ಸಿಕ್ಕಿಸಿ.

ಹೊರಗೆ ಹಿಮ. ಪೈನ್ ಮರದ ಕೊಂಬೆ ಮುರಿಯದಿರಲೆಂದು
ತುದಿಯಿಂದ ಹಗ್ಗ ಇಳಿಬಿಟ್ಟು ಕಟ್ಟಿದ್ದಾರೆ, ಕೊಡೆಯ ಕಡ್ಡಿಗಳಂತೆ.
ಒಳಗೆ ವರ್ಷವಿಡೀ ಇಪ್ಪತ್ತಮೂರು ಡಿಗ್ರಿ.

ಹಯಾಸೆ ಒಮ್ಮೆ ವಿವರಿಸಿದ್ದ,
ಅನ್ನದ ಉಂಡೆಯಿಂದ ಕಡಲಪಾಚಿ ಬಿಡಿಸುತ್ತ:
"ಎದೆಮೂಳೆಯ ಹಿಂದೆ ಥೈಮಸ್ ಅಂತೊಂದು ಗ್ರಂಥಿ.
ಎಳೆಯ ಟಿ ಕೋಶಗಳ ಮುಂದೆ ಅಲ್ಲಿ
ಅವುಗಳದೇ ಮೈಯ ಚೂರೊಂದನ್ನು ಹಿಡಿಯುತ್ತಾರೆ.
ಯಾವುದು ಅದನ್ನು ಬಿಗಿಯಾಗಿ ಗುರುತಿಸುತ್ತದೋ
ಅದನ್ನು ಹೊರಗೆ ಬಿಡುವುದಿಲ್ಲ. ಅಲ್ಲೇ ಮುಗಿಸುತ್ತಾರೆ."

ಗುರುತಿಸಿದ್ದನ್ನೇ? ಅಂದಳು ಕಿನುಯೊ.

"ಗುರುತಿಸಿದ್ದನ್ನೇ. ಟಿ ಕೋಶದ ಭಾಷೆಯಲ್ಲಿ
ಗುರುತಿಸು, ಹೊಡೆ, ಎರಡೂ ಒಂದೇ ಕ್ರಿಯಾಪದ."
ಈ ತಳಿಯಲ್ಲಿ ಒಂದು ಪ್ರೋಟೀನಿನ ಒಂದಕ್ಷರ ತಪ್ಪಿದೆ.
ಕೋಶಕ್ಕೆ ಕಿವಿ ಮಂದ, ಕೂಗಿದ್ದು ಪಿಸುಮಾತಾಗಿ ಕೇಳುತ್ತದೆ.
ಸಾಯಬೇಕಾದವು ಪಾಸಾಗಿ
ರಕ್ತದ ಬೀದಿಗಿಳಿಯುತ್ತವೆ, ಕಾವಲಿನ ಸಮವಸ್ತ್ರದಲ್ಲೇ.

ಬೇಲಿಯೇ ಎದ್ದು ಹೊಲ ಮೇಯ್ದಂತೆ, ಎಂದುಬಿಡಬಹುದು.
ಆದರೆ ಬೇಲಿಗೆ ಹಸಿವಿರಲಿಲ್ಲ,
ಹಗೆ ಮೊದಲೇ ಇರಲಿಲ್ಲ.
ಕೀಲಿನ ಒಳಪೊರೆ ಅದಕ್ಕೆ ತೀರಾ ಪರಿಚಯದ್ದಾಗಿತ್ತು.

ಚೊಕ್ಕ ಕೋಣೆಯಲ್ಲಿ ಈ ಇಲಿಗಳು
ಏನೂ ಆಗದೆ ಓಡಾಡಿಕೊಂಡಿರುತ್ತವೆ.
ಹೊಟ್ಟೆಗೊಂದು ಸೂಜಿ, ಯೀಸ್ಟಿನ ಸಿಪ್ಪೆ ಕದಡಿದ ನೀರು.
ಆರು ವಾರ.
ಮೊದಲು ಒಂದು ಬೆರಳು.

ಪಕ್ಕದ ಸಾಲಿನಲ್ಲಿ ಟಿ ಕೋಶಗಳೇ ಇಲ್ಲದ ಬೋಳು ಇಲಿ.
ರೋಗಿಯ ಗುಲ್ಮದಿಂದ ಆ ಕೋಶಗಳನ್ನಷ್ಟೇ ಹೆಕ್ಕಿ
ಅದರ ಬಾಲದ ರಕ್ತನಾಳಕ್ಕೆ ಬಿಟ್ಟರು. ಬೇರೇನೂ ಇಲ್ಲ.
ಅಷ್ಟು ಸಾಕಾಯಿತು.

ನಾನೂರ ಹನ್ನೆರಡು, ಹೆಣ್ಣು.
ಊದಿದ ಮುಂಗಾಲಲ್ಲೇ ಹತ್ತಿ ಎಳೆದೆಳೆದು ಗೂಡು ಕಟ್ಟುತ್ತಿತ್ತು.
ಮೇಲಿನ ಜಾಲರಿಯ ತಿನಿಸಿಗೆ ಬಾಯಿ ಎಟುಕದು.
ಕಿನುಯೊ ಉಂಡೆಗಳನ್ನು ನೆನೆಸಿ ನೆಲದ ಮೇಲಿಟ್ಟಳು.
ಮರುವಾರ ಹಯಾಸೆ ಅದನ್ನೇ ನಿಯಮವೆಂದು ಬರೆದ,
ಯಾರು ಶುರುಮಾಡಿದ್ದೆಂದು ಬರೆಯಲಿಲ್ಲ.

ಫೆಬ್ರವರಿ ಒಂಬತ್ತು. ಕೂಡಿದರೆ ಸರಿಯಾಗಿ ನಾಲ್ಕು.
ನಾಲ್ಕು ದಾಟಿದ್ದನ್ನು ಉಳಿಸಿಕೊಳ್ಳುವಂತಿಲ್ಲ.
ಹಿಂಗಾಲ ಕಿರುಬೆರಳೊಂದು ಬಾಕಿ.
ಊದಿದೆಯೋ, ದೀಪದ ನೆರಳೋ?
ಪೆನ್ಸಿಲ್ ನಿಂತಿತು.
ಸುಳ್ಳು ಸೊನ್ನೆ ಹಾಕಿದರೆ ಒಂದು ದಿನ ಸಿಗುತ್ತದೆ;
ಆ ದಿನವೂ ನೋವಿನದೇ.
ಲೆಕ್ಕ ಕೆಟ್ಟರೆ ಮೊದಲಿಂದ ಮತ್ತೆ ಇಪ್ಪತ್ತು ಇಲಿ.
ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ನೋಡಿ,
ಬರೆದಳು.
ಬೆರಳು ಅಕ್ಕಿಕಾಳಿಗಿಂತ ಸಣ್ಣದು.

ಮಾರ್ಚಿನಲ್ಲಿ ಕಟ್ಟಡದ ಹಿಂದಿನ ಕಲ್ಲಿನೆದುರು
ಎಲ್ಲರೂ ಸಾಲಾಗಿ ನಿಲ್ಲುತ್ತಾರೆ,
ವರ್ಷದ ಪ್ರಾಣಿಗಳಿಗೆ ಹೂವಿಡಲು.
ಮುಖ್ಯಸ್ಥರು ಒಟ್ಟು ಸಂಖ್ಯೆ ಓದುತ್ತಾರೆ.
ಅದರಲ್ಲಿ ದಶಮಾಂಶ ಇರುವುದಿಲ್ಲ.

ಬಿಳಿ ಸೇವಂತಿಗೆಯಿಟ್ಟು ಕಿನುಯೊ ಪಕ್ಕಕ್ಕೆ ಸರಿದಳು.
ಆಚೆ ಏಣಿಯ ಮೇಲೆ ತೋಟಗಾರ
ಹಗ್ಗಗಳನ್ನು ಬಿಚ್ಚುತ್ತಿದ್ದ.
ಕೊಂಬೆಗಳು ಒಂದೊಂದಾಗಿ ತುಸು ಬಾಗಿ
ತಮ್ಮ ಭಾರ ತಾವೇ ಹೊತ್ತುಕೊಂಡವು.