ಒರೆಸುವ ಮುನ್ನ ಓದಿದ್ದು

ಲಿಸ್ಬನ್ನಿನ ಆ ಗಾಜಿನ ಕಟ್ಟಡದ ಏಳನೇ ಮಾಳಿಗೆಯಲ್ಲಿ
ಹಗಲಿಡೀ ಯಾರೋ ಯಾರಿಗೋ ಮಾತಾಡಲು ಕಲಿಸುತ್ತಾರೆ.
ರಾತ್ರಿ ಅದನ್ನು ಒರೆಸುವುದು ನಮ್ಮ ಕೆಲಸ.

ಬಿಳಿ ಹಲಗೆಯ ಮೇಲೆ ನೀಲಿ ಮಸಿಯಲ್ಲಿ
ಒಂದು ದಿನ: ಕಣ್ಣಲ್ಲಿ ಕಣ್ಣಿಟ್ಟು ನೋಡಿ.
ಇನ್ನೊಂದು ದಿನ: ಉಸಿರು ಹೊಟ್ಟೆಯಿಂದ ಬರಲಿ.
ಗುರುವಾರ ಬರೀ ಒಂದು ಬಾಣ, ಮೇಲಕ್ಕೆ.
ಅದರ ಅರ್ಥ ನಮಗೆ ಇವತ್ತಿಗೂ ಹೊಳೆದಿಲ್ಲ.

ಎರ್ಮೆಲಿಂಡಾ ಓದಿಯೇ ಒರೆಸುವವಳು,
ತಟ್ಟೆ ತೊಳೆಯುವ ಮುನ್ನ ಬೆರಳು ನೆಕ್ಕುವ ಮಗುವಿನ ಹಾಗೆ.

ಬೆಳಗಿನ ಜಾವ ನಾಲ್ಕೂಕಾಲರ ಬಸ್ಸು ನಿಲ್ಲಿಸಿಬಿಟ್ಟರು.
ದೂರಿದ್ದರೆ ಸಭೆಗೆ ಬಂದು ಹೇಳಿ, ತಲೆಗೆ ಮೂರು ನಿಮಿಷ, ಅಂದರು.
ಮೂರು ನಿಮಿಷದಲ್ಲಿ ನಾವೊಂದು ಕಕ್ಕಸು ತೊಳೆಯುತ್ತೇವೆ,
ಕನ್ನಡಿ ಸಮೇತ.
ಮಾತಿನ ಲೆಕ್ಕ ಗೊತ್ತಿರಲಿಲ್ಲ.

ಅಂದಿನಿಂದ ಭಾಷಣದ ಮೇಜಿನ ಧೂಳು ಹೊಡೆಯಲು ಹೋದವಳು
ಅಲ್ಲೇ ನಿಂತುಬಿಡುತ್ತಿದ್ದಳು.
ಎದುರಿಗೆ ನಲವತ್ತು ಖಾಲಿ ಕುರ್ಚಿ,
ನಡುವೆ ನೆಲ ಒರೆಸುವ ಕೋಲು ಹಿಡಿದ ನಾನು.
ನಾನೇ ಸಭೆ.

'ಮಾನ್ಯ ಅಧ್ಯಕ್ಷರೇ' ಅನ್ನುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು.
ಪೋರ್ಚುಗೀಸು ಅವಳ ಬಾಯಲ್ಲಿ ಎರವಲು ಚಪ್ಪಲಿ,
ಹಿಮ್ಮಡಿ ಯಾವಾಗಲೂ ಹೊರಗೆ.
ಮನೆಯ ಕ್ರಿಯೋಲಿನಲ್ಲಿ ಬೈಯುವಾಗ ಮಾತ್ರ
ನೀರು ಕುಡಿದಷ್ಟು ಸಲೀಸು.
'ಹಾಗಾದರೆ ಬೈದೇ ಬಿಡು ಅವರನ್ನ' ಅಂದೆ.
ನಕ್ಕೆವು. ಆಮೇಲೆ ನಗಲಿಲ್ಲ.

ಕೈ ಎಲ್ಲಿಡಲಿ ಅಂತ ಕೇಳಿದಳು.
ಹಲಗೆ ಅದನ್ನು ಹೇಳಿಕೊಟ್ಟಿರಲಿಲ್ಲ.
ಮೂವತ್ತು ವರ್ಷ ಬಟ್ಟೆ ಬಿಡದ ಕೈ ಅವು,
ಬರಿದಾದ ಕೂಡಲೇ ಯಾರದೋ ಮಕ್ಕಳ ಹಾಗೆ
ಅಂಗಿಯ ಅಂಚು ಜಗ್ಗುತ್ತಿದ್ದವು.

ಮಂಗಳವಾರ. ಚರ್ಚಿಗೆ ಹಾಕುವ ಕಂದು ಕೋಟು.
ಎತ್ತರದ ಗಂಡಸರ ಅಳತೆಯ ಮೈಕು;
ಬಗ್ಗಿಸಲು ಯಾರೂ ಏಳಲಿಲ್ಲ.
ಗೋಡೆಯ ಮೇಲೆ ಕೆಂಪು ಅಂಕಿಗಳು ಇಳಿಯತೊಡಗಿದವು.
ಅಳಿಯ ಬರೆದುಕೊಟ್ಟ ಕಾಗದದ ಮೊದಲ ಸಾಲು ಓದಿದಳು,
ಶೇಕಡಾ ಎಷ್ಟೋ, ಶೇಕಡಾ ಇನ್ನೆಷ್ಟೋ.
ನಿಂತಳು.

ಇಪ್ಪತ್ತು ಸೆಕೆಂಡು ಏನೂ ಇಲ್ಲ.
ನಾನು ಉಗುರು ಕಚ್ಚಿದೆ.
ಫೋನಿನಲ್ಲಿ ಮುಳುಗಿದ್ದವನೊಬ್ಬ
ಸದ್ದು ನಿಂತದ್ದಕ್ಕೇ ತಲೆ ಎತ್ತಿದ.

ಕಾಗದ ಮಡಚಿದಳು. ಕೈ ಕೋಟಿನ ಜೇಬಿಗೆ ಹೋಯಿತು.
ಅಲ್ಲಿ ಹಳದಿ ಒರಸುಬಟ್ಟೆ ಇದ್ದದ್ದು ನನಗೊಬ್ಬಳಿಗೇ ಗೊತ್ತು.

'ಹಳೇ ಗಿರಣಿ.
ಅಲ್ಲಿ ಬಿಬಿಯಾನಾ ಇಳಿಯುತ್ತಿದ್ದಳು. ಅವಳಿಗೆ ಮಂಡಿನೋವು.
ಅಂಜೂರದ ಮರ.
ಅಲ್ಲಿ ಇಬ್ಬರು. ಮಕ್ಕಳು ಏಳುವ ಮೊದಲು ಹಾಲು ಕಾಯಿಸಬೇಕು.
ಸ್ಮಶಾನದ ಗೇಟು.
ಅಲ್ಲಿ ಯಾರೂ ಇಳಿಯುತ್ತಿರಲಿಲ್ಲ. ಈಗ ಎಲ್ಲರೂ ನಡೆಯುತ್ತೇವೆ,
ನಾಯಿಗಳು ದೂರ ಇರಲೆಂದು ಚಪ್ಪಾಳೆ ತಟ್ಟುತ್ತಾ.
ನೀರಿನ ಟ್ಯಾಂಕು. ಅಲ್ಲಿ ನಾನು.
ನಿಮ್ಮ ಕುರ್ಚಿಯ ಅಡಿ ಅಂಟಿದ್ದ ಚೂಯಿಂಗ್ ಗಮ್
ಕೆರೆದವಳು ನಾನೇ ಇರಬಹುದು, ಹೇಳಲಾರೆ.
ನಿಮ್ಮ ಕಣ್ಣು ನೋಡುತ್ತಿರುವುದು
ಇದೇ ಮೊದಲು.'

ಹನ್ನೊಂದು ಸೆಕೆಂಡು ಉಳಿಸಿ ಮುಗಿಸಿದಳು.
ಸೋಪು ಉಳಿಸುವವಳಿಗೆ ಅದು ರೂಢಿ.
'ಧನ್ಯವಾದ. ಮುಂದಿನವರು.'
ಮುಂದಿನವನದು ಪಾರಿವಾಳಗಳ ಮೇಲಿನ ದೂರು.

ಬಸ್ಸು ಬಂತೇ ಅಂತ ಎಲ್ಲರೂ ಕೇಳುತ್ತಾರೆ.
ಬಂತು, ವಾರಕ್ಕೆ ಐದು ದಿನ.
ಶನಿವಾರ, ಭಾನುವಾರ ಇನ್ನೂ
ಸತ್ತವರ ಗೋಡೆಯುದ್ದಕ್ಕೂ ನಮ್ಮ ಚಪ್ಪಾಳೆ.

ಮೊನ್ನೆ ಹಲಗೆಯ ಮೇಲೆ ಬರೆದಿತ್ತು:
ಸಭಿಕರನ್ನು ಮೊದಲ ಮಾತಿನಲ್ಲೇ ಗೆಲ್ಲಿ.
ಎರ್ಮೆಲಿಂಡಾ ತಲೆ ವಾರೆ ಮಾಡಿ ಓದಿದಳು,
ಒರೆಸಿದಳು,
ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತು ಬಟ್ಟೆ ನನ್ನತ್ತ ಎಸೆದಳು:

'ಶನಿವಾರದ್ದು ನೀನು ಹೇಳು.
ಬಟ್ಟೆ ಕೈಯಲ್ಲೇ ಇರಲಿ.
ಹೂಂ, ಶುರು ಮಾಡು.'