ಮಖೆಯ ತಿರುವು

ದಿಂಬಂ ಘಟ್ಟಕ್ಕೆ ಇಪ್ಪತ್ತೇಳು ತಿರುವು.
ಇಲಾಖೆಯ ಹಲಗೆಯ ನಂಬರು ಗುರುಮಲ್ಲುಗೆ ಬೇಡ,
ಬಣ್ಣಾರಿಯಿಂದ ಹತ್ತುತ್ತ ಮಳೆನಕ್ಷತ್ರ ಎಣಿಸುತ್ತಾನೆ:
ಅಶ್ವಿನಿಯಲ್ಲಿ ಸೆಕೆಂಡ್ ಗೇರು, ಭರಣಿಯಲ್ಲಿ ಲಾರಿಗೆ ದಾರಿ,
ಆರಿದ್ರದಲ್ಲಿ ಕೋತಿಗಳು.
ಮಖೆ ಬಂತೋ,
ಡ್ಯಾಶಿನ ಮೂಲೆಯಲ್ಲಿ ಕೆಂಪು ಗಿಂಡಿ,
ಮೂತಿಯಲ್ಲಿ ಒಂದು ಹನಿ.

"ಮತ್ತ ಹತ್ಕತು ಕಣಾ ಮೇಸ್ತ್ರಿ.
ನಿಲ್ಸಿ ಒಂದ್ ಬೀಡಿ ಸೇದಿ ಸ್ಟಾರ್ಟ್ ಮಾಡುದ್ರ ಇಲ್ಲ.
ಹುಬ್ಬೆ, ಉತ್ತರೆ, ಹಸ್ತೆ, ಎಲ್ಲಾ ಸುಮ್ನ.
ಚಿತ್ತೆಲಿ ಮತ್ತ."

ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದೆ, ತಗಡಿನ ಶೆಡ್ಡಿನಲ್ಲಿ
ಡಿಪ್‌ಸ್ಟಿಕ್ ಎಳೆದೆ, ಹಳೇ ಬನಿಯನ್ನಿನಲ್ಲಿ ಒರೆಸಿದೆ,
ಇಳಿಸಿ ಮತ್ತೆ ಎಳೆದೆ.
ಎಣ್ಣೆ ಎರಡು ಗೀಟಿನ ನಡುವೆಯೇ.
ಬೆರಳಲ್ಲಿ ತಿಕ್ಕಿದೆ: ಜಿಗುಟು ಸರಿ, ಡೀಸೆಲ್ ವಾಸನೆ ಇಲ್ಲ.
ಎಂಜಿನ್ನಿನ ಎದೆಗೆ ಉದ್ದನೆ ಸ್ಕ್ರೂಡ್ರೈವರ್ ಇಟ್ಟು
ಹಿಡಿಕೆಗೆ ಕಿವಿಗೊಟ್ಟೆ.
ಬೇರಿಂಗು ಗೊಣಗುತ್ತಿರಲಿಲ್ಲ.
"ಸ್ವಿಚ್ಚು ಹೋಗಿದೆ" ಅಂದೆ.
ಬದಲಿಸಿದೆ. ಮುನ್ನೂರೈವತ್ತು.

ಎಂಟು ದಿನಕ್ಕೆ ಮತ್ತೆ ಮಖೆ.
ವೈರು ಅಂದೆ.
ಮೂರನೇ ಸಲ ಫಿಲ್ಟರು, ಅದರ ಮೇಲೆ ದಪ್ಪನೆ ಎಣ್ಣೆ.
ಅದೂ ಆಗಿ ಅವನು ಬಂದಾಗ
"ದೀಪ ಸುಳ್ಳು ಹೇಳ್ತಾ ಇದೆ, ವೈರು ಕಿತ್ತುಬಿಡಲಾ?"
ಕೇಳಿದ್ದು ನಾನೇ. ಹದಿನೆಂಟು ವರ್ಷ ಪಳಗಿದ ಕೈ.
ಬೂಸಾ ಮೂಟೆಯ ಮೇಲೆ ಕೂತವನು ಅಂದ:
"ನಮ್ಮವ್ವ ದೀಪ ಆರ್ಸು ಅನ್ನಕೂ ಬುಡಲ್ಲ,
ದೊಡ್ಡದ್ ಮಾಡು ಅಂತಳ.
ನೀ ನೋಡುದ್ರ ಬುಡಕ್ಕೇ ಕೈ ಹಾಕ್ತೀಯಲ್ಲ."

ಚಾಮರಾಜನಗರದಿಂದ ಗೇಜು ತರಿಸಿದೆ, ಎರವಲು.
ಸ್ವಿಚ್ಚಿನ ತೂತಿಗೆ ನಳಿಗೆ ತಿರುಪಿ
ಸೆಲ್ವನಿಗೆ ಆಕ್ಸಿಲೇಟರ್ ಒತ್ತಿ ಹಿಡಿ ಅಂದೆ.
ಮುಳ್ಳು ನಾಲ್ಕರಲ್ಲಿ. ಹತ್ತು ನಿಮಿಷವೂ ನಾಲ್ಕರಲ್ಲೇ.
ಆಮೇಲೆ, ಒಳಗಿಂದ ಯಾರೋ ಗಂಟಲು ಹಿಚುಕಿದ ಹಾಗೆ,
ಮೂರು, ಎರಡು,
ಸೊನ್ನೆಯ ಹೊಸ್ತಿಲು.
ಆಫ್ ಮಾಡಿಸಿದೆ. ತುಸು ಬಿಟ್ಟು ಸ್ಟಾರ್ಟ್. ನಾಲ್ಕು.
ದೀಪ ಸುಳ್ಳು ಹೇಳಿರಲಿಲ್ಲ.

ಸಂಪ್ ಇಳಿಸುವ ಹೊತ್ತಿಗೆ ಘಟ್ಟದ ಗೇಟು ಹಾಕಿದ್ದರು.
ಗೋಣಿ ಹಾಸಿ ಗುರುಮಲ್ಲು ಗೊರಕೆ.
ಸ್ಟ್ರೈನರ್ ಬಿಚ್ಚಿ ಮೊಬೈಲಿನ ಬೆಳಕಿಗೆ ಹಿಡಿದೆ.
ಜಾಲರಿಯ ತುಂಬ ನೀಲಿ ಹುಳಗಳು,
ಬೆಂದ ಶಾವಿಗೆಯಷ್ಟು ಮೆತ್ತಗೆ.
ಎಂಜಿನ್ ಎಳೆದಾಗ ಉಸಿರಿಗೆ ಅಡ್ಡ ಬರುವ,
ನಿಂತಾಗ ಕಳಚಿ ತಳಕ್ಕೆ ಬೀಳುವ,
ಒಂದು ಬೀಡಿಯಷ್ಟು ಹೊತ್ತಿಗೆ ಎಲ್ಲ ಮರೆಯುವ ಹುಳಗಳು.

ಊರಲ್ಲಿ ಮಿಕ್ಕವರೆಲ್ಲ ಕಪ್ಪು ಪೇಸ್ಟು ಹಚ್ಚುತ್ತಾರೆ.
ನೀಲಿ ನಾನೊಬ್ಬನೇ.
ಹೋದ ವರ್ಷ ಆಯುಧಪೂಜೆಯ ಹಿಂದಿನ ಸಂಜೆ,
ಇದೇ ಸಂಪಿಗೆ, ಸೋರಬಾರದೆಂದು, ಟ್ಯೂಬು ಪೂರ್ತಿ ಒತ್ತಿದ್ದೆ.
ಹೊರಗೆ ಉಬ್ಬಿದ್ದನ್ನು ಹೆಬ್ಬೆರಳಲ್ಲಿ ನೀಟಾಗಿ ಸವರಿದ್ದೆ,
ಗಿರಾಕಿಗೆ ಕಾಣುವ ಕಡೆ.
ಒಳಗೆ ಉಬ್ಬಿದ್ದು ಒಳಗೇ ಉಳಿದಿತ್ತು.

ಸೀಮೆಎಣ್ಣೆಯ ತಟ್ಟೆ ಪಕ್ಕದಲ್ಲೇ ಇತ್ತು.
ಒಮ್ಮೆ ಅದ್ದಿ ಬ್ರಷ್ಷು ಎಳೆದರೆ ಮುಗಿಯಿತು.
ಸೆಲ್ವ ಟೀ ತರಲು ಹೋಗಿದ್ದ.

ಎಬ್ಬಿಸಿದೆ. ಅಂಗೈಗೆ ಹಾಕಿ "ನಂದೇ" ಅಂದೆ.
ಅವನು ನಿದ್ದೆಗಣ್ಣಲ್ಲಿ ಒಂದು ಎಳೆ ಹಿಡಿದು ಜಗ್ಗಿ ನೋಡಿದ,
ಹರಿಯಲಿಲ್ಲ.
"ಅಂತೂ ಸೋರ್ನಿಲ್ಲ ಬುಡು" ಅಂದು ಮಗ್ಗುಲಾದ.
ಬೆಳಿಗ್ಗೆ ಮುಖ ತೊಳೆದವನೇ
ಸ್ವಿಚ್ಚಿನ ಮುನ್ನೂರೈವತ್ತು ವಾಪಸ್ ಕೇಳಿದ.

ಸತ್ತಿಯಲ್ಲಿ ಕೋಸು ಇಳಿಸಿ, ಬೂಸಾ ಏರಿಸಿ
ಹತ್ತುವಾಗ ನಾನೂ ಪಕ್ಕದಲ್ಲಿ.
ಕಿಟಕಿಯಿಂದ ತೂರಿದ ನಳಿಗೆ, ತೊಡೆಯ ಮೇಲೆ ಗೇಜು.
ಪುಷ್ಯ, ನಾಲ್ಕು. ಆಶ್ಲೇಷ, ನಾಲ್ಕು.
ಮಖೆಯಲ್ಲಿ ಗುರುಮಲ್ಲು ಗಾಡಿಯನ್ನು ಬದಿಗೆ ಹಾಕಿದ.

"ಯಾಕೆ? ಹತ್ತಲಿಲ್ಲವಲ್ಲ."
"ಬೀಡಿ ಹೊತ್ತು."

ಕೀಲಿ ಮಾತ್ರ ತಿರುಗಿಸಲಿಲ್ಲ.
ಎಂಜಿನ್ ಓಡುತ್ತಲೇ ಇತ್ತು, ಮುಳ್ಳು ಒಂದೂವರೆಯಲ್ಲಿ.
ಡ್ಯಾಶಿನ ಆ ಕಪ್ಪು ಮೂಲೆಯನ್ನೇ ನೋಡುತ್ತ
ಇಬ್ಬರೂ ಕೂತೆವು.